ಊರಿನ ನೆನಪಿಗೆ ವಾರಸುದಾರರು ಯಾರು?

ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ 2014ರ ಏಪ್ರಿಲ್‌ನಲ್ಲಿ ಕುಡಿಯುವ ನೀರಿನ ಮೂಲವನ್ನು ಬದಲಿಸಿದರು. ಪೈಪುಗಳು ಸವೆಯದಂತೆ ನೀರಿಗೆ ಬೆರೆಸಬೇಕಿದ್ದ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಪೈಪುಗಳಲ್ಲಿದ್ದ ಸೀಸ ಕರಗಿ ಮನೆಮನೆಯ ನಲ್ಲಿಗೆ ಬಂತು. ಇಷ್ಟು ಕಥೆ ಜಗತ್ತಿಗೇ ಗೊತ್ತು. ಇದಾದ ಮೇಲೆ ನಡೆದದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ, ಆದರೆ ಸ್ಥಳೀಯ ಆಡಳಿತದ ಬಗ್ಗೆ ಯೋಚಿಸುವವರು ಮುಖ್ಯವಾಗಿ ನೋಡಬೇಕಾದದ್ದು ಅದನ್ನೇ.

ಸೀಸದ ಪೈಪು ಕಿತ್ತು ಹೊಸದು ಹಾಕುವುದಕ್ಕೆ ಹಣ ಬಂತು, ಕೆಲಸಗಾರರೂ ಸಿಕ್ಕರು. ಎಲ್ಲಿ ಅಗೆಯಬೇಕು? ಅದು ಮಾತ್ರ ನಗರಾಡಳಿತಕ್ಕೆ ಗೊತ್ತಿರಲಿಲ್ಲ. ಯಾವ ಮನೆಗೆ ಯಾವ ಲೋಹದ ಪೈಪು ಹೋಗಿದೆ ಎಂಬ ದಾಖಲೆ ಇದ್ದದ್ದು ಸುಮಾರು 45,000 ಕೈಬರಹದ ಕಾರ್ಡುಗಳಲ್ಲಿ ಮತ್ತು ದಶಕಗಳಿಂದ ಯಾರೂ ತಿದ್ದದ ನಕ್ಷೆಗಳಲ್ಲಿ. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಿದ ಮೇಲೂ ಎಷ್ಟೋ ಕಡೆ ಕಾರ್ಡು ಹೇಳುವುದೇ ಒಂದು, ನೆಲದಡಿ ಇರುವುದೇ ಇನ್ನೊಂದು. ಎರಿಕ್ ಶ್ವಾರ್ಟ್ಸ್ ಮತ್ತು ಜೇಕಬ್ ಅಬರ್ನೆಥಿ ಎಂಬ ಸಂಶೋಧಕರು ಮನೆ ಕಟ್ಟಿದ ಕಾಲ, ಅದರ ಮೌಲ್ಯ, ಇರುವ ಜಾಗ ಇವೆಲ್ಲವನ್ನೂ ಸೇರಿಸಿ, ಸೀಸ ಎಲ್ಲಿ ಸಿಗಬಹುದು ಎಂದು ಅಂದಾಜು ಮಾಡುವ ಒಂದು ಗಣಿತ ಮಾದರಿ ಕಟ್ಟಿದರು. ಪ್ರತಿ ಗುಂಡಿ ತೋಡಿದಾಗಲೂ ಸಿಕ್ಕ ಉತ್ತರ ಮಾದರಿಗೆ ವಾಪಸು ಹೋಗುತ್ತಿತ್ತು, ಅಂದಾಜು ಇನ್ನಷ್ಟು ಚುರುಕಾಗುತ್ತಿತ್ತು. 2017ರಲ್ಲಿ ಅಗೆದ ಮನೆಗಳ ಪೈಕಿ ಸುಮಾರು ಶೇ 70ರಲ್ಲಿ ಬದಲಿಸಲೇಬೇಕಾದ ಪೈಪು ಸಿಕ್ಕಿತು.

2018ರಲ್ಲಿ ಕೆಲಸದ ಉಸ್ತುವಾರಿ ಹೊಸ ಗುತ್ತಿಗೆ ಕಂಪನಿಗೆ ಹೋಯಿತು. ಆ ಮಾದರಿಯನ್ನು ಬದಿಗಿಟ್ಟು, ವಾರ್ಡು ವಾರ್ಡಿಗೆ ಸಮನಾಗಿ ಅಗೆಯುತ್ತ ಹೋದರು. ಆ ವರ್ಷ ಹತ್ತು ಸಾವಿರಕ್ಕೂ ಹೆಚ್ಚು ಮನೆಗಳ ಮುಂದೆ ಗುಂಡಿ ತೋಡಿದರೂ ಸೀಸ ಸಿಕ್ಕಿದ್ದು ಸುಮಾರು ಶೇ 15ರಲ್ಲಿ. ಮರುವರ್ಷ ನ್ಯಾಯಾಲಯದ ಮುಂದೆ ಆದ ಒಪ್ಪಂದದಿಂದಾಗಿ ಮಾದರಿ ಮತ್ತೆ ಬಳಕೆಗೆ ಬಂತು.

ಇದನ್ನು ಗುತ್ತಿಗೆದಾರರ ದಡ್ಡತನ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಓದುವುದಿಲ್ಲ. ಪಕ್ಕದ ಮನೆಯ ಮುಂದೆ ಅಗೆದರು, ನಮ್ಮದನ್ನು ಯಾಕೆ ಬಿಟ್ಟರು ಎಂದು ಜನ ಕೇಳುತ್ತಿದ್ದರು, ಕೌನ್ಸಿಲರ್‌ಗಳ ಮೇಲೆ ಒತ್ತಡವಿತ್ತು. ನೀರು ಚೆನ್ನಾಗಿದೆ ಎಂದು ಅಧಿಕಾರಿಗಳಿಂದ ಸುಳ್ಳು ಕೇಳಿ ಬಳಲಿದ್ದ ಊರದು. ಅಲ್ಲಿ ಹೋಗಿ ‘ಕಂಪ್ಯೂಟರ್ ನಿಮ್ಮ ಮನೆ ಬೇಡ ಎಂದಿದೆ’ ಎಂದರೆ ಯಾರು ಒಪ್ಪುತ್ತಾರೆ? ಮಾದರಿಯ ತಿಳಿವಳಿಕೆ ಒಂದು ತಂಡದ ಬಳಿ ಇತ್ತು. ಅದನ್ನು ಜನರಿಗೆ ವಿವರಿಸುವ ಹೊಣೆ ಯಾರದ್ದೂ ಆಗಿರಲಿಲ್ಲ, ಮುಂದಿನ ತಂಡಕ್ಕೆ ಅದನ್ನು ದಾಟಿಸುವ ಹೊಣೆಯನ್ನೂ ಯಾರೂ ಹೊತ್ತಿರಲಿಲ್ಲ. ಕೆಲಸ ಕೈ ಬದಲಾಯಿಸಿತು, ಕೆಲಸದ ಹಿಂದಿನ ತಿಳಿವಳಿಕೆ ಹಳೆಯ ಕೈಯಲ್ಲೇ ಉಳಿಯಿತು. ಸ್ಥಳೀಯ ಆಡಳಿತದಲ್ಲಿ ಮಾಹಿತಿ ಇಲ್ಲದಿರುವುದು ಅಪರೂಪ. ಇರುವ ಮಾಹಿತಿಗೆ ವಾರಸುದಾರರಿಲ್ಲದಿರುವುದು ಎಲ್ಲೆಡೆ ಕಾಣುವ ಸಂಗತಿ.

ಫ್ಲಿಂಟ್‌ನ ಬಿಸಿ ತಾಗಿದ ಮೇಲೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕುಡಿಯುವ ನೀರಿನ ನಿಯಮಗಳನ್ನು ಬಿಗಿಗೊಳಿಸಿತು. ಪ್ರತಿ ನೀರು ಸರಬರಾಜು ವ್ಯವಸ್ಥೆಯೂ ತನ್ನ ಪೈಪುಗಳ ಪಟ್ಟಿಯನ್ನು 2024ರ ಅಕ್ಟೋಬರ್ 16ರೊಳಗೆ ಸಿದ್ಧಪಡಿಸಬೇಕಿತ್ತು. ಆ ಪಟ್ಟಿಯಲ್ಲಿ ಸೀಸ, ಸೀಸವಲ್ಲದ್ದು ಇವುಗಳ ಜೊತೆಗೆ ‘ಗೊತ್ತಿಲ್ಲ’ ಎಂಬ ವರ್ಗವೂ ಇದೆ. ಗೊತ್ತಿಲ್ಲದ ಪೈಪಿನಿಂದ ನೀರು ಕುಡಿಯುವ ಮನೆಗೆ ‘ನಿಮ್ಮ ಪೈಪು ಯಾವುದರದ್ದೆಂದು ನಮಗೆ ಗೊತ್ತಿಲ್ಲ’ ಎಂದು ತಿಳಿಸುವುದೂ ಕಡ್ಡಾಯ. ಇಡೀ ನಿಯಮದಲ್ಲಿ ನನಗೆ ಹೆಚ್ಚು ಬುದ್ಧಿವಂತಿಕೆಯದ್ದು ಅನಿಸಿದ್ದು ಈ ಅಂಶ. ಗೊತ್ತಿಲ್ಲ ಎಂದು ಬರೆಯಲು ಕಚೇರಿಗಳು ಹೆದರುತ್ತವೆ. ಖಾಲಿ ಬಿಟ್ಟ ಕಾಲಂ ಆಕ್ಷೇಪಣೆಗೆ ದಾರಿ, ತುಂಬಿದ ಕಾಲಂ ಸುಳ್ಳಾದರೂ ಸುರಕ್ಷಿತ. ಹೀಗಾಗಿ ಅಂದಾಜಿನ ಅಂಕಿಯೊಂದು ರಿಜಿಸ್ಟರಿಗೆ ಹೋಗುತ್ತದೆ, ಅಲ್ಲಿಂದ ವರದಿಗೆ, ವರದಿಯಿಂದ ಯೋಜನೆಗೆ. ಹತ್ತು ವರ್ಷದ ನಂತರ ಅದು ಅಂದಾಜು ಎಂಬುದೇ ಯಾರಿಗೂ ನೆನಪಿರುವುದಿಲ್ಲ.

ತಿಳಿವಳಿಕೆಯ ಇಂಥ ಸೋರಿಕೆ ಸ್ಥಳೀಯ ಆಡಳಿತದಲ್ಲೇ ಇಷ್ಟೊಂದು ಯಾಕೆ? ಮೇಲಿನ ಹಂತದ ಸರ್ಕಾರಗಳು ನೀತಿ ಬರೆಯುತ್ತವೆ, ನೀತಿ ಅಂದರೆ ಕಾಗದ. ಸ್ಥಳೀಯ ಸಂಸ್ಥೆ ಕೆಲಸ ಮಾಡುವುದು ಮಣ್ಣು, ನೀರು, ಕಸ, ಬೀದಿ, ಗೋಡೆಗಳ ಜೊತೆ. ಯಾವ ವಾಲ್ವನ್ನು ಪೂರ್ತಿ ತಿರುಗಿಸಿದರೆ ಮುರಿಯುತ್ತದೆ, ಯಾವ ಚರಂಡಿ ನಕ್ಷೆಯಲ್ಲಿರುವಂತೆ ಎಡಕ್ಕೆ ಹೋಗದೆ ಬಲಕ್ಕೆ ಹೋಗುತ್ತದೆ, ಯಾವ ಎರಡು ಮನೆಗಳ ನಡುವೆ ಹಳೆಯ ವ್ಯಾಜ್ಯವಿದೆ, ಇದು ಯಾವ ಕಡತಕ್ಕೂ ಬಂದಿರುವುದಿಲ್ಲ. ಇಪ್ಪತ್ತು ವರ್ಷ ಅದೇ ಬೀದಿಗಳಲ್ಲಿ ಓಡಾಡಿದವರ ತಲೆಯಲ್ಲಿ ಇರುತ್ತದೆ. ಅವರು ನಿವೃತ್ತರಾಗುವ ದಿನ ಹಾರ, ಶಾಲು, ನಾಲ್ಕು ಒಳ್ಳೆಯ ಮಾತು ಎಲ್ಲ ಸಿಗುತ್ತವೆ. ನಿಮಗೆ ಗೊತ್ತಿರುವುದನ್ನು ಹೇಳಿ ಹೋಗಿ ಎಂದು ಕೂರಿಸಿಕೊಂಡು ಕೇಳುವವರು ಮಾತ್ರ ಇರುವುದಿಲ್ಲ.

ಅಧಿಕಾರಿಗಳ ವಿಷಯ ಬೇರೆ. ಅವರು ಎರಡು ಮೂರು ವರ್ಷಕ್ಕೆ ವರ್ಗವಾಗುತ್ತಾರೆ. ಚುನಾಯಿತರು ಅವಧಿ ಮುಗಿದರೆ ಮನೆಗೆ. ಗುತ್ತಿಗೆದಾರರು ಬಿಲ್ ಪಾಸಾದ ಮರುದಿನ ಅಪರಿಚಿತರು. ಚಾರ್ಜ್ ಕೊಡುವಾಗ ಸಹಿಯಾಗುವ ಪಟ್ಟಿಯಲ್ಲಿ ಬೀರು, ಕುರ್ಚಿ, ಚೆಕ್‌ಬುಕ್, ಕೀಲಿಗೊಂಚಲು ಎಲ್ಲ ಇರುತ್ತವೆ. ಅರ್ಧಕ್ಕೆ ನಿಂತ ಕೆಲಸ ಯಾಕೆ ಅರ್ಧಕ್ಕೆ ನಿಂತಿತು ಎಂಬುದಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ದಾಖಲೆಗೂ ಬಲ್ಲವರ ತಿಳಿವಳಿಕೆಗೂ ಇರುವ ಅಂತರ ಎಷ್ಟು ದೊಡ್ಡದು ಎಂಬುದನ್ನು ಜಪಾನ್ ಅತ್ಯಂತ ಕ್ರೂರವಾಗಿ ಕಂಡಿತು. 2011ರ ಮಾರ್ಚ್ 11ರ ಸುನಾಮಿಯಲ್ಲಿ ಓತ್ಸುಚಿ, ರಿಕುಜೆನ್‌ತಕಾತ, ಮಿನಾಮಿಸಾನ್ರಿಕು, ಒನಾಗಾವ ಎಂಬ ನಾಲ್ಕು ಊರುಗಳ ಕುಟುಂಬ ನೋಂದಣಿ ದಾಖಲೆಗಳು ಕೊಚ್ಚಿಹೋದವು. ಹುಟ್ಟು, ಮದುವೆ, ಸಾವು, ವಾರಸುದಾರಿಕೆ ಎಲ್ಲದಕ್ಕೂ ಅಲ್ಲಿ ಅದೇ ಆಧಾರ. ಅದರ ಪ್ರತಿಯೊಂದು ನ್ಯಾಯಾಂಗ ಇಲಾಖೆಯ ಕಚೇರಿಯಲ್ಲಿ ಇರಬೇಕೆಂಬ ನಿಯಮವಿದ್ದುದರಿಂದ ಕೆಲವೇ ವಾರಗಳಲ್ಲಿ ಅವನ್ನು ಮತ್ತೆ ಕಟ್ಟಿಕೊಂಡರು. ದಾಖಲೆ ಉಳಿಯಿತು. ಆದರೆ ಓತ್ಸುಚಿಯಲ್ಲಿ ಮೇಯರ್ ಸೇರಿ ಪುರಸಭೆಯ ಸುಮಾರು 40 ಸಿಬ್ಬಂದಿ ಅಲೆಗೆ ಬಲಿಯಾಗಿದ್ದರು. ದೇಶದ ಬೇರೆ ಬೇರೆ ಊರುಗಳ ಆಡಳಿತಗಳು ತಮ್ಮ ನೌಕರರನ್ನು ಎರವಲಾಗಿ ಕಳಿಸಿಕೊಟ್ಟವು. ಬಂದವರಿಗೆ ಕಾನೂನು ಗೊತ್ತಿತ್ತು, ನಮೂನೆಗಳು ಗೊತ್ತಿದ್ದವು, ಊರು ಗೊತ್ತಿರಲಿಲ್ಲ. ಆ ಜ್ಞಾನಕ್ಕೆ ಯಾವ ಇಲಾಖೆಯಲ್ಲೂ ಇನ್ನೊಂದು ಪ್ರತಿ ಇರಲಿಲ್ಲ.

ಹಾಗಾದರೆ ಎಲ್ಲರೂ ತಿಳಿದದ್ದನ್ನು ಬರೆದಿಡಲಿ ಎಂಬುದು ಸಹಜವಾಗಿ ಹೊಳೆಯುವ ಪರಿಹಾರ. ಇದಕ್ಕಾಗಿ ಪೋರ್ಟಲ್‌ಗಳು ಬಂದಿವೆ, ತರಬೇತಿಗಳು ನಡೆದಿವೆ, ಸುತ್ತೋಲೆಗಳು ಹೊರಟಿವೆ. ಹೆಚ್ಚಿನವು ಉದ್ಘಾಟನೆಯ ದಿನದ ಫೋಟೊ ಬಿಟ್ಟರೆ ಬೇರೇನನ್ನೂ ಉಳಿಸಿಲ್ಲ. ನೌಕರರ ಸೋಮಾರಿತನ ಇದಕ್ಕೆ ಕಾರಣ ಎನ್ನುವವರು ನೌಕರರ ಲೆಕ್ಕಾಚಾರವನ್ನು ನೋಡಿಲ್ಲ. ಕೆಳಹಂತದ ಗುಮಾಸ್ತರಿಗೆ ಕಚೇರಿಯಲ್ಲಿ ಇರುವ ಒಂದೇ ಬಲ ಎಂದರೆ ‘ಆ ಕಡತ ಅವರನ್ನೇ ಕೇಳಬೇಕು’ ಎಂಬ ಮಾತು. ಅದನ್ನು ಬರೆದು ಎಲ್ಲರಿಗೂ ಕೊಟ್ಟರೆ ಅವರಿಗೆ ಸಿಗುವುದೇನು? ತಪ್ಪು ಬರೆದರೆ ನೋಟಿಸ್ ಬರುತ್ತದೆ, ಸರಿಯಾಗಿ ಬರೆದರೆ ಏನೂ ಬರುವುದಿಲ್ಲ. ಇಲಾಖೆ ಇಲಾಖೆಗಳ ನಡುವೆಯೂ ಇದೇ ನಡೆಯುತ್ತದೆ. ನೀರಿನ ವಿಭಾಗ ತನ್ನ ಸೋರಿಕೆಯ ಲೆಕ್ಕವನ್ನು ರಸ್ತೆ ವಿಭಾಗಕ್ಕೆ ಕೊಟ್ಟರೆ, ರಸ್ತೆ ಕುಸಿದಾಗ ಅದೇ ಲೆಕ್ಕ ತನ್ನ ವಿರುದ್ಧ ಸಾಕ್ಷಿಯಾಗುತ್ತದೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು.

ಈ ಗಂಟನ್ನು ಸ್ವಲ್ಪಮಟ್ಟಿಗೆ ಬಿಡಿಸಿದ ಉದಾಹರಣೆ ಆಡಳಿತದ ಹೊರಗಿನದು. ಝೆರಾಕ್ಸ್ ಕಂಪನಿಯ ದುರಸ್ತಿ ಕೆಲಸಗಾರರ ಜೊತೆ ಓಡಾಡಿದ ಮಾನವಶಾಸ್ತ್ರಜ್ಞ ಜೂಲಿಯನ್ ಓರ್, ಆ ಕೆಲಸಗಾರರು ಯಂತ್ರ ಸರಿಮಾಡುವುದನ್ನು ಕಲಿಯುವುದು ಕೈಪಿಡಿಗಿಂತ ಹೆಚ್ಚಾಗಿ ಊಟದ ಹೊತ್ತಿನ ಹರಟೆಯಲ್ಲಿ ಎಂಬುದನ್ನು ಗುರುತಿಸಿದರು. 1990ರ ದಶಕದಲ್ಲಿ ಕಂಪನಿ ‘ಯುರೇಕಾ’ ಎಂಬ ವ್ಯವಸ್ಥೆ ಮಾಡಿ, ಅಂಥ ಅನುಭವಗಳನ್ನು ಸಂಗ್ರಹಿಸಿತು. ಒಬ್ಬರು ಕಳಿಸಿದ ಉಪಾಯವನ್ನು ಅದೇ ಕೆಲಸದ ಪರಿಣತರು ಪರೀಕ್ಷಿಸುತ್ತಿದ್ದರು, ಒಪ್ಪಿಗೆಯಾದರೆ ಕಳಿಸಿದವರ ಹೆಸರಿನಲ್ಲೇ ಅದು ಪ್ರಕಟವಾಗುತ್ತಿತ್ತು. ಜನ ಬರೆಯತೊಡಗಿದ್ದು ಹೆಸರಿಗಾಗಿ, ಜೊತೆಯವರ ಮೆಚ್ಚುಗೆಗಾಗಿ. ಸರ್ಕಾರಿ ಕಚೇರಿಯ ಟಿಪ್ಪಣಿ ಇದಕ್ಕೆ ತದ್ವಿರುದ್ಧ. ಕೆಳಗಿನವರು ಬರೆದದ್ದು ಮೇಲಕ್ಕೆ ಹೋಗುತ್ತ ಹೋಗುತ್ತ ಬರೆದವರ ಹೆಸರು ಅಳಿಸಿ, ಮೇಲಿನವರ ಆದೇಶವಾಗಿ ಹೊರಬರುತ್ತದೆ.

ಮಾಹಿತಿ ಹಂಚಿಕೊಂಡರೆ ಸಾಕು ಎಂಬ ನಂಬಿಕೆಯನ್ನೂ ಕೊಂಚ ತಡವಬೇಕು. 2000ನೇ ಇಸವಿಯ ಫೆಬ್ರುವರಿಯಲ್ಲಿ ಲಂಡನ್‌ನಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಬಾಲಕಿ ತನ್ನನ್ನು ಸಾಕಬೇಕಿದ್ದವರ ಚಿತ್ರಹಿಂಸೆಯಿಂದ ಸತ್ತಳು. ನಾಲ್ಕು ಸ್ಥಳೀಯ ಆಡಳಿತಗಳ ಸಮಾಜ ಸೇವಾ ವಿಭಾಗಗಳು, ಎರಡು ಆಸ್ಪತ್ರೆಗಳು, ಪೊಲೀಸರು, ಒಂದು ಸ್ವಯಂಸೇವಾ ಸಂಸ್ಥೆ, ಇಷ್ಟು ಕಡೆ ಆ ಮಗುವಿನ ವಿಷಯ ಹೋಗಿತ್ತು. ಲಾರ್ಡ್ ಲ್ಯಾಮಿಂಗ್ ನಡೆಸಿದ ವಿಚಾರಣೆಯ ವರದಿ 2003ರಲ್ಲಿ ಬಂತು. ಅವಳನ್ನು ಉಳಿಸಬಹುದಾಗಿದ್ದ 12 ಸಂದರ್ಭಗಳನ್ನು ಅದು ಎತ್ತಿ ತೋರಿಸಿತು. ಕೆಲವು ಸಲ ಬೇಕಿದ್ದದ್ದು ಮೇಲಧಿಕಾರಿ ಒಂದು ಸರಿಯಾದ ಪ್ರಶ್ನೆ ಕೇಳುವುದು, ಇಲ್ಲವೇ ಕಡತ ತೆರೆದು ನೋಡುವುದು, ಅಷ್ಟೇ ಎಂದೂ ಹೇಳಿತು.

ಸರ್ಕಾರ ಆ ವರದಿಯಿಂದ ಕಲಿತ ಪಾಠಗಳಲ್ಲಿ ದೊಡ್ಡದು ಒಂದು ಡೇಟಾಬೇಸ್. ಇಂಗ್ಲೆಂಡಿನ ಸುಮಾರು 1.1 ಕೋಟಿ ಮಕ್ಕಳ ವಿವರ, ಯಾವ ಮಗುವಿನ ಜೊತೆ ಯಾವ ಇಲಾಖೆ ಕೆಲಸ ಮಾಡುತ್ತಿದೆ ಎಂಬ ಮಾಹಿತಿ ಒಂದೇ ಕಡೆ ಸಿಗುವ ‘ಕಾಂಟ್ಯಾಕ್ಟ್‌ಪಾಯಿಂಟ್’ 2009ರಲ್ಲಿ ಶುರುವಾಯಿತು. ಇದಕ್ಕೆ 22 ಕೋಟಿ ಪೌಂಡಿಗೂ ಹೆಚ್ಚು ಹಣ ತಗುಲಿತು. ಲಕ್ಷಾಂತರ ನೌಕರರು ಪ್ರತಿ ಮಗುವಿನ ವಿವರ ನೋಡಬಹುದೆಂಬ ಆತಂಕಕ್ಕೆ ವಿರೋಧವೆದ್ದು, ಹೊಸ ಸರ್ಕಾರ 2010ರ ಆಗಸ್ಟ್‌ನಲ್ಲಿ ಅದನ್ನು ಮುಚ್ಚಿತು. ಅಷ್ಟರಲ್ಲೇ, 2007ರಲ್ಲಿ, ವಿಕ್ಟೋರಿಯಾ ವಾಸವಿದ್ದ ಲಂಡನ್‌ನ ಅದೇ ಹ್ಯಾರಿಂಗೇ ಪ್ರದೇಶದಲ್ಲಿ ಇನ್ನೊಂದು ಪುಟ್ಟ ಮಗು, ಮತ್ತೆ ಹಲವು ಇಲಾಖೆಗಳ ಕಣ್ಣೆದುರಿಗೇ, ಸತ್ತಿತ್ತು. ಕಡತ ತೆರೆದು ನೋಡದ ಕೈ ಪರದೆಯನ್ನು ತೆರೆದು ನೋಡುತ್ತದೆ ಎಂದು ನಂಬಲು ಕಾರಣವೇನೂ ಇರಲಿಲ್ಲ.

ಎಲ್ಲವನ್ನೂ ಒಂದೇ ಕಡೆ ರಾಶಿ ಹಾಕದೆ ಹಂಚಿಕೊಳ್ಳುವ ದಾರಿಯೂ ಇದೆ. ಎಸ್ಟೋನಿಯಾ 2001ರಿಂದ ‘ಎಕ್ಸ್-ರೋಡ್’ ಎಂಬ ವ್ಯವಸ್ಥೆ ನಡೆಸುತ್ತಿದೆ. ಅಲ್ಲಿ ಮಾಹಿತಿ ಅದನ್ನು ಸಂಗ್ರಹಿಸಿದ ಇಲಾಖೆಯಲ್ಲೇ ಉಳಿಯುತ್ತದೆ, ಬೇಕಾದ ಇಲಾಖೆ ಪ್ರಶ್ನೆ ಕಳಿಸಿ ಉತ್ತರ ಪಡೆಯುತ್ತದೆ, ಪ್ರತಿ ವಿಚಾರಣೆಯೂ ದಾಖಲಾಗುತ್ತದೆ. ಒಂದೇ ಮಾಹಿತಿಗೆ ಎರಡು ಡೇಟಾಬೇಸ್ ಕಟ್ಟುವುದಕ್ಕೆ ಕಾನೂನಿನ ಅನುಮತಿ ಇಲ್ಲ. ತನ್ನ ವಿವರವನ್ನು ಯಾವ ಇಲಾಖೆ ನೋಡಿತು ಎಂದು ನಾಗರಿಕರೇ ಪರಿಶೀಲಿಸುವ ಸೌಲಭ್ಯವೂ ಇದೆ. ಈ ವ್ಯವಸ್ಥೆಯನ್ನು ಹೊಗಳುವವರೆಲ್ಲ ತಂತ್ರಜ್ಞಾನವನ್ನು ಹೊಗಳುತ್ತಾರೆ. ಅದರ ನಿಜವಾದ ಜಾಣತನ ಮಾಲೀಕತ್ವದಲ್ಲಿದೆ: ಪ್ರತಿ ಮಾಹಿತಿಗೂ ಒಂದೇ ಒಂದು ಇಲಾಖೆ ಉತ್ತರದಾಯಿ. ಹೌದು, 13 ಲಕ್ಷ ಜನರ ದೇಶಕ್ಕೆ ಒಪ್ಪುವುದು ಎಲ್ಲರಿಗೂ ಒಪ್ಪುತ್ತದೆ ಎನ್ನಲಾಗದು. ಆದರೆ ಒಂದು ಮಾಹಿತಿಗೆ ಒಂದೇ ಮನೆ ಎಂಬ ನಿಯಮಕ್ಕೆ ಜನಸಂಖ್ಯೆಯ ಮಿತಿ ಇದೆಯೆಂದು ನನಗನ್ನಿಸುವುದಿಲ್ಲ.

ಬರೆಯಲು ಬಾರದ ತಿಳಿವಳಿಕೆಯ ಪ್ರಶ್ನೆ ಹಾಗೇ ಉಳಿಯಿತು. ನ್ಯೂಯಾರ್ಕ್‌ನಲ್ಲಿ ಮನೆಗಳನ್ನು ಅಕ್ರಮವಾಗಿ ತುಂಡು ತುಂಡು ಮಾಡಿ ಬಾಡಿಗೆಗೆ ಕೊಡುವುದು ದೊಡ್ಡ ಪಿಡುಗು. ಬೆಂಕಿ ಬಿದ್ದರೆ ಒಳಗಿದ್ದವರು ಹೊರಬರಲಾಗದು. ವರ್ಷಕ್ಕೆ ಸುಮಾರು 25,000 ದೂರು, ನೋಡಲು ಇದ್ದವರು ಇನ್ನೂರರಷ್ಟು ಇನ್‌ಸ್ಪೆಕ್ಟರ್‌ಗಳು. ಮೇಯರ್ ಕಚೇರಿಯ ಮೈಕ್ ಫ್ಲವರ್ಸ್ ಅವರ ತಂಡ ತೆರಿಗೆ ಬಾಕಿ, ಹಳೆಯ ಬೆಂಕಿ ಅನಾಹುತ, ವಿದ್ಯುತ್ ಬಳಕೆಯಂಥ ಬೇರೆ ಬೇರೆ ಇಲಾಖೆಗಳ ಮಾಹಿತಿಯನ್ನು ಜೋಡಿಸಿ, ಮೊದಲು ಎಲ್ಲಿಗೆ ಹೋಗಬೇಕೆಂದು ಪಟ್ಟಿ ಮಾಡಿತು. ಮನೆ ತೆರವುಗೊಳಿಸಬೇಕಾದಷ್ಟು ಗಂಭೀರ ಪ್ರಕರಣ ಮುಂಚೆ ನೂರಕ್ಕೆ 13 ಭೇಟಿಗಳಲ್ಲಿ ಸಿಗುತ್ತಿತ್ತು, ಆಮೇಲೆ 70ಕ್ಕೂ ಹೆಚ್ಚು ಭೇಟಿಗಳಲ್ಲಿ ಸಿಗತೊಡಗಿತು.

ಈ ಅಂಕಿಗಿಂತ ನನಗೆ ಮುಖ್ಯವೆನಿಸುವುದು ಆ ತಂಡದವರು ಇನ್‌ಸ್ಪೆಕ್ಟರ್‌ಗಳ ಜೊತೆ ಬೀದಿಗೆ ಹೋದದ್ದು. ಒಬ್ಬ ಇನ್‌ಸ್ಪೆಕ್ಟರ್ ಕಟ್ಟಡವೊಂದನ್ನು ಹೊರಗಿನಿಂದಲೇ ನೋಡಿ, ಇಲ್ಲಿ ಏನೂ ಇರಲಾರದು ಎಂದರಂತೆ. ಹೇಗೆ ಗೊತ್ತು ಎಂದು ಕೇಳಿದಾಗ ಅವರು ತೋರಿಸಿದ್ದು ಹೊರಗೋಡೆಯ ಇಟ್ಟಿಗೆ ಕೆಲಸವನ್ನು. ಮಾಲೀಕ ಕಟ್ಟಡಕ್ಕೆ ಹಣ ಹಾಕುತ್ತಿದ್ದಾನೆ, ಅಂಥವನು ಒಳಗೆ ಕೆಡಿಸುವುದು ಕಡಿಮೆ. ತಂಡದವರು ಕಚೇರಿಗೆ ಮರಳಿ, ಇಟ್ಟಿಗೆ ಕೆಲಸಕ್ಕೆ ಪಡೆದ ಪರವಾನಗಿಗಳನ್ನು ಲೆಕ್ಕಕ್ಕೆ ಸೇರಿಸಿದರು. ಆ ಇನ್‌ಸ್ಪೆಕ್ಟರ್‌ಗೆ ‘ನಿಮ್ಮ ಅನುಭವವನ್ನು ಎರಡು ಪುಟದಲ್ಲಿ ಬರೆದುಕೊಡಿ’ ಎಂದು ಕೇಳಿದ್ದರೆ ಇಟ್ಟಿಗೆಯ ಮಾತು ಬರುತ್ತಲೇ ಇರಲಿಲ್ಲ. ಗೊತ್ತಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಜೊತೆಗೆ ನಡೆದವರು, ಕೇಳಬೇಕಾದ ಹೊತ್ತಿಗೆ ಕೇಳಿದ್ದರಿಂದ ಸಿಕ್ಕಿತು.

ಅದೇ ನಗರ 2023ರ ಅಕ್ಟೋಬರ್‌ನಲ್ಲಿ ಸಣ್ಣ ವ್ಯಾಪಾರಿಗಳ ಪ್ರಶ್ನೆಗಳಿಗೆ ಉತ್ತರಿಸಲು ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಬಿಟ್ಟಿತು. ಐದು ತಿಂಗಳಲ್ಲಿ ಪತ್ರಕರ್ತರು ಅದನ್ನು ಪರೀಕ್ಷಿಸಿದಾಗ, ನೌಕರರಿಗೆ ಗಿರಾಕಿಗಳು ಕೊಟ್ಟ ಟಿಪ್ಸ್‌ನಲ್ಲಿ ಮಾಲೀಕರು ಪಾಲು ತೆಗೆದುಕೊಳ್ಳಬಹುದು ಎಂಬಂಥ, ಕಾನೂನಿಗೇ ವಿರುದ್ಧವಾದ ಸಲಹೆಗಳನ್ನು ಅದು ಕೊಡುತ್ತಿತ್ತು. ಈಗ ಎಲ್ಲೆಡೆ ಸ್ಥಳೀಯ ಆಡಳಿತಗಳಿಗೆ ಇಂಥ ಸಾಧನಗಳನ್ನು ಮಾರುವವರ ಸಾಲು ನಿಂತಿದೆ. ನಿಮ್ಮ ಹಳೆಯ ಕಡತಗಳನ್ನೆಲ್ಲ ಹಾಕಿ, ಅದು ಓದಿಕೊಂಡು ಉತ್ತರ ಹೇಳುತ್ತದೆ ಎನ್ನುತ್ತಾರೆ. ಕಡತದಲ್ಲಿ ಎರಡು ಪರಸ್ಪರ ವಿರೋಧದ ಸುತ್ತೋಲೆಗಳಿದ್ದರೆ ಯಾವುದು ಜಾರಿಯಲ್ಲಿದೆ ಎಂಬುದು ಹಳೆಯ ಗುಮಾಸ್ತರಿಗೆ ಗೊತ್ತು, ಯಂತ್ರಕ್ಕೆ ಎರಡೂ ಒಂದೇ ತೂಕ. ಗುಮಾಸ್ತರು ಅನುಮಾನ ಬಂದಾಗ ‘ನಾಳೆ ಬನ್ನಿ, ವಿಚಾರಿಸಿ ಹೇಳುತ್ತೇನೆ’ ಎನ್ನುತ್ತಾರೆ. ಬೇಸರ ತರಿಸುವ ಆ ಉತ್ತರಕ್ಕೂ ಒಂದು ಬೆಲೆಯಿದೆ ಎಂಬುದು ಇಂಥ ಸಾಧನಗಳನ್ನು ನೋಡಿದಾಗ ತಿಳಿಯುತ್ತದೆ.

ಇನ್ನೊಂದು ಕಡೆ, ಕಚೇರಿಯ ಮಾತುಕತೆಯೇ ಕಡತ ಬಿಟ್ಟು ಮೊಬೈಲಿಗೆ ಹೋಗಿದೆ. ಪೈಪು ಒಡೆದ ಫೋಟೊ, ಸರಿಮಾಡಿ ಎಂಬ ಸೂಚನೆ, ಮೌಖಿಕ ಒಪ್ಪಿಗೆ ಎಲ್ಲವೂ ವಾಟ್ಸ್ಆ್ಯಪ್ ಗುಂಪಿನಲ್ಲಿ. ಕೆಲಸ ಬೇಗ ಆಗುತ್ತದೆ, ಅನುಮಾನವಿಲ್ಲ. ಆದರೆ ಫೋನು ನೌಕರರ ಸ್ವಂತದ್ದು. ವರ್ಗವಾದವರನ್ನು ಗುಂಪಿನಿಂದ ತೆಗೆದರೆ, ಹೊಸಬರನ್ನು ಸೇರಿಸಿದರೆ, ಹೊಸಬರಿಗೆ ಹಿಂದಿನ ಪೂರ್ತಿ ಇತಿಹಾಸ ಸಿಗುವುದಿಲ್ಲ. ಹಿಂದೆಂದೂ ಇಲ್ಲದಷ್ಟು ಬರೆಯುತ್ತಿರುವ ಕಚೇರಿಗಳು, ಬರೆದದ್ದರಲ್ಲಿ ಹಿಂದೆಂದಿಗಿಂತ ಕಡಿಮೆ ಉಳಿಸಿಕೊಳ್ಳುತ್ತಿವೆ.

ಕಾನೂನಿನಲ್ಲಿ ಇದಕ್ಕೆ ಅಷ್ಟಿಷ್ಟು ಹಿಡಿತವಿದೆ. ಭಾರತದ 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಜನ ಅರ್ಜಿ ಹಾಕುವ ಕಾಯ್ದೆಯೆಂದೇ ತಿಳಿದಿದ್ದಾರೆ. ಅದರ 4ನೇ ಸೆಕ್ಷನ್, ಯಾರೂ ಅರ್ಜಿ ಹಾಕುವ ಮುಂಚೆಯೇ, ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಪಟ್ಟಿಮಾಡಿ, ಸೂಚಿ ಸಹಿತ ಇಟ್ಟುಕೊಳ್ಳಬೇಕು ಎನ್ನುತ್ತದೆ. ಹೊರಗಿನವರಿಗೆ ತೋರಿಸಬೇಕಾದ ಕಚೇರಿ ಮೊದಲು ತನ್ನಲ್ಲಿ ಏನಿದೆ ಎಂದು ತಾನೇ ತಿಳಿಯಬೇಕಾಗುತ್ತದೆ. ಪಾರದರ್ಶಕತೆಯ ಈ ಒಳಗಿನ ಲಾಭದ ಬಗ್ಗೆ ಮಾತು ಕಡಿಮೆ.

ಮಿಕ್ಕದ್ದು ದುಬಾರಿ ಕೆಲಸವಲ್ಲ, ಮನಸ್ಸಿದ್ದರೆ ಆಗುವಂಥದ್ದು. ಟೆಂಡರ್ ಷರತ್ತಿನಲ್ಲಿ, ಕೆಲಸದ ವೇಳೆ ಹುಟ್ಟಿದ ಎಲ್ಲ ಮಾಹಿತಿಯೂ ಸ್ಥಳೀಯ ಸಂಸ್ಥೆಗೇ ಸೇರಬೇಕು, ಮುಂದಿನ ಗುತ್ತಿಗೆದಾರರಿಗೆ ಅದನ್ನು ವಿವರಿಸುವವರೆಗೆ ಕೊನೆಯ ಬಿಲ್ ಪಾಸಾಗದು ಎಂಬ ಸಾಲು ಸೇರಿಸಬಹುದು. ನಿರ್ಣಯದ ಜೊತೆ, ತಿರಸ್ಕರಿಸಿದ ಬೇರೆ ದಾರಿಗಳು ಯಾವುವು, ಯಾಕೆ ತಿರಸ್ಕರಿಸಿದರು ಎಂಬ ನಾಲ್ಕು ಸಾಲು ಬರೆಯಬಹುದು. ಹೀಗೆ ಬರೆಯದ ಕಡೆ ಐದು ವರ್ಷಕ್ಕೊಮ್ಮೆ ಅದೇ ಯೋಜನೆ ಹೊಸ ಹೆಸರಿನಲ್ಲಿ ಬಂದು, ಅದೇ ಜಾಗದಲ್ಲಿ ಸೋಲುತ್ತದೆ. ಅತ್ಯಂತ ಕಷ್ಟದ್ದೆಂದರೆ ನಿವೃತ್ತರಾಗುವವರು ಹೋಗುವ ಮುಂಚೆಯೇ ಅವರ ಜಾಗಕ್ಕೆ ಬರುವವರನ್ನು ನೇಮಿಸಿ, ಒಂದೆರಡು ತಿಂಗಳು ಇಬ್ಬರನ್ನೂ ಒಟ್ಟಿಗೆ ಬೀದಿಗೆ ಕಳಿಸುವುದು. ಒಂದು ಹುದ್ದೆಗೆ ಎರಡು ಸಂಬಳ ಯಾಕೆ ಎಂದು ಲೆಕ್ಕಪರಿಶೋಧಕರು ಕೇಳುತ್ತಾರೆ. ಆ ಆಕ್ಷೇಪಣೆಗೆ ಕೊಡಬಹುದಾದ ಉತ್ತರವನ್ನು ಹಣಕಾಸು ನಿಯಮಗಳಲ್ಲೇ ಮೊದಲೇ ಬರೆದಿಡದೆ ಹೋದರೆ, ಯಾವ ಅಧಿಕಾರಿಯೂ ಆ ಕಡತಕ್ಕೆ ಸಹಿ ಹಾಕುವುದಿಲ್ಲ.